ಎಷ್ಟು ಸಲ ಗುಣಿಸಿದರೆ ಸಾಕು?

ಪ್ರಶ್ನೆ: ಸರ್, ನಾನು ಎಂ.ಎಸ್ಸಿ. ಗಣಿತ ಓದುತ್ತಿದ್ದೇನೆ. ಒಂದು ಸೀಮಿತ ಗ್ರೂಪ್ ಬಹುಪದೋಕ್ತಿಗಳ ರಿಂಗ್ ಮೇಲೆ ಕೆಲಸ ಮಾಡುವಾಗ ಬದಲಾಗದೆ ಉಳಿಯುವ ಬಹುಪದೋಕ್ತಿಗಳಿಂದ ಹಿಲ್ಬರ್ಟ್ ಐಡಿಯಲ್ ಹುಟ್ಟುತ್ತದೆ. ಗ್ರೂಪಿನಲ್ಲಿ ಎಷ್ಟು ಅಂಶಗಳಿವೆಯೋ ಅಷ್ಟು ಚರಾಕ್ಷರಗಳನ್ನು ಗುಣಿಸಿದರೆ, ಗುಣಲಬ್ಧ ಹಿಲ್ಬರ್ಟ್ ಐಡಿಯಲ್ ಒಳಗೆ ಬಂದೇ ಬರುತ್ತದೆ ಅಂತ ಓದಿದೆ. ಯಾಕೆ ಅಷ್ಟೇ? ಕಡಿಮೆ ಸಾಲದಾ? ಇನ್ನೊಂದು ವಿಷಯ. ಐಡಿಯಲ್‌ನ ಸಾಮಾನ್ಯ ಘಾತ ಬೇರೆ, ಸಿಂಬಾಲಿಕ್ ಘಾತ ಬೇರೆ ಅಂತಾರೆ. ಅದರಲ್ಲಿ ಗ್ರೂಪಿಗೆ ಏನು ಕೆಲಸ?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಒಂದೇ ಸಾಲಿನ ಸಮೀಕರಣ ಸಾಕು. ಎರಡನೆಯದಕ್ಕೆ ಸ್ವಲ್ಪ ಕೂತು ಲೆಕ್ಕ ಮಾಡಬೇಕು. ಎರಡನ್ನೂ ಪೂರ್ತಿ ಮಾಡಿ ತೋರಿಸುತ್ತೇನೆ. ಪೆನ್ನು, ಹಾಳೆ ಇಟ್ಟುಕೊಂಡು ಓದಿ.

ಮೊದಲು ಹೆಸರುಗಳು. ಚರಾಕ್ಷರಗಳನ್ನು ಯ, ರ, ಲ ಅಂತ ಕರೆಯೋಣ. ಅವುಗಳ ಬಹುಪದೋಕ್ತಿಗಳೆಲ್ಲ ಸೇರಿದ ರಿಂಗ್ ಬ. ಸಹಗುಣಕಗಳು, ಬೇರೆ ಹೇಳದಿದ್ದರೆ, ಸಂಕೀರ್ಣ ಸಂಖ್ಯೆಗಳು. ಗ್ರೂಪ್‌ನಲ್ಲಿ ನ ಅಂಶಗಳಿವೆ. ಪ್ರತಿ ಅಂಶವೂ ಚರಾಕ್ಷರಗಳನ್ನು ಅದಲು ಬದಲು ಮಾಡುತ್ತದೆ, ಇಲ್ಲವೇ ಅವುಗಳ ಜಾಗದಲ್ಲಿ ಅವುಗಳದೇ ಒಂದು ರೇಖೀಯ ಮೊತ್ತವನ್ನು ಕೂರಿಸುತ್ತದೆ. ಕೆಲವು ಬಹುಪದೋಕ್ತಿಗಳನ್ನು ಬ ರಿಂಗ್‌ನ ಯಾವುದರಿಂದ ಬೇಕಾದರೂ ಗುಣಿಸಿ, ಕೂಡಿಸಿ ಸಿಗುವುದೆಲ್ಲ ಅವು ಹುಟ್ಟಿಸುವ ಐಡಿಯಲ್; ಹುಟ್ಟಿಸುವವು ಅದರ ಜನರೇಟರ್‌ಗಳು. ಚರಾಕ್ಷರಗಳೆಲ್ಲ ಸೇರಿ ಹುಟ್ಟಿಸುವ ಐಡಿಯಲ್ ಮ. ಅಂದರೆ ಸ್ಥಿರ ಪದ ಇಲ್ಲದ ಬಹುಪದೋಕ್ತಿಗಳೆಲ್ಲ ಅದರಲ್ಲಿವೆ. ಗ್ರೂಪಿನ ಯಾವ ಅಂಶ ಮುಟ್ಟಿದರೂ ಬದಲಾಗದ ಬಹುಪದೋಕ್ತಿ ಇನ್ವೇರಿಯಂಟ್. ಸ್ಥಿರ ಪದ ಇಲ್ಲದ ಇನ್ವೇರಿಯಂಟ್‌ಗಳೆಲ್ಲ ಸೇರಿ ಬ ರಿಂಗ್‌ನಲ್ಲಿ ಹುಟ್ಟಿಸುವ ಐಡಿಯಲ್ಲೇ ನೀವು ಹೇಳಿದ ಹಿಲ್ಬರ್ಟ್ ಐಡಿಯಲ್. ಅದಕ್ಕೆ ಹ ಅನ್ನೋಣ.

ಈಗ ಎರಡೇ ಅಂಶಗಳ ಗ್ರೂಪ್ ತೆಗೆದುಕೊಳ್ಳಿ. ಒಂದು ಅಂಶ ಸುಮ್ನೆ ಇರುತ್ತದೆ, ಇನ್ನೊಂದು ತಿರುಗಿಸುತ್ತದೆ. ಎರಡು ಸಲ ತಿರುಗಿಸಿದರೆ ಮೊದಲಿದ್ದಲ್ಲಿಗೇ ಬರುತ್ತೇವೆ. ಕ ಎಂಬ ಬಹುಪದೋಕ್ತಿಯನ್ನು ತಿರುಗಿಸಿದಾಗ ಸಿಕ್ಕಿದ್ದು ಕ′. ಹಾಗೇ ಚ ತಿರುಗಿದರೆ ಚ′. ಈ ಸಾಲನ್ನು ಬರೆದುಕೊಳ್ಳಿ:

2ಕಚ = (ಕ + ಕ′)ಚ + (ಚ + ಚ′)ಕ − (ಕಚ′ + ಕ′ಚ)

ಬಲಗಡೆ ಬಿಡಿಸಿ ನೋಡಿ. ಕ′ಚ ಒಮ್ಮೆ ಕೂಡಿದೆ, ಒಮ್ಮೆ ಕಳೆದಿದೆ. ಕಚ′ ಕೂಡ ಹಾಗೇ. ಉಳಿಯುವುದು ಎರಡು ಕಚ. ಶಾಲೆಯ ಬೀಜಗಣಿತ, ಅಷ್ಟೇ. ಆದರೆ ಮೂರೂ ಆವರಣಗಳನ್ನು ಇನ್ನೊಮ್ಮೆ ನೋಡಿ. ತಿರುಗಿಸಿದರೆ ಕ ಹೋಗಿ ಕ′ ಆಗುತ್ತದೆ, ಕ′ ಹೋಗಿ ಕ ಆಗುತ್ತದೆ. ಹಾಗಾಗಿ ಕ + ಕ′ ಬದಲಾಗುವುದಿಲ್ಲ. ಚ + ಚ′ ಕೂಡ ಇಲ್ಲ. ಮೂರನೆಯದರಲ್ಲಿ ಎರಡು ಪದಗಳು ಜಾಗ ಬದಲಿಸಿಕೊಳ್ಳುತ್ತವೆ, ಮೊತ್ತ ಹಾಗೇ ಇರುತ್ತದೆ. ಮೂರೂ ಇನ್ವೇರಿಯಂಟ್‌ಗಳು! ಕ, ಚ ಎರಡೂ ಮ ಐಡಿಯಲ್‌ನವಾದರೆ ಈ ಮೂರಕ್ಕೂ ಸ್ಥಿರ ಪದ ಇರುವುದಿಲ್ಲ. ಹಾಗಾಗಿ ಬಲಗಡೆ ಪೂರ್ತಿ ಹ ಒಳಗಿದೆ. 2ರಿಂದ ಭಾಗಿಸಿ. ಕಚ ಕೂಡ ಹ ಒಳಗೆ ಬಂತು. ಎರಡು ಅಂಶಗಳ ಗ್ರೂಪ್, ಎರಡು ಸಲ ಗುಣಿಸಿದರೆ ಸಾಕು. ಮ², ಅಂದರೆ ಮ ಒಳಗಿನ ಎರಡೆರಡನ್ನು ಗುಣಿಸಿ ಕೂಡಿಸಿದ್ದೆಲ್ಲ, ಪೂರ್ತಿ ಹ ಒಳಗಿದೆ.

ಈ ಸಮೀಕರಣ ಎಲ್ಲಿಂದ ಬಂತು ಅಂತ ತಿಳಿದರೆ ನ ಅಂಶಗಳ ಗ್ರೂಪಿಗೂ ಅದನ್ನು ನೀವೇ ಬರೆಯಬಹುದು. ಗ್ರೂಪಿನ ಒಂದೊಂದು ಅಂಶಕ್ಕೂ ಮ ಐಡಿಯಲ್‌ನಿಂದ ಒಂದೊಂದು ಬಹುಪದೋಕ್ತಿ ಹಂಚಿ. ಗ ಎಂಬ ಅಂಶಕ್ಕೆ ಸಿಕ್ಕಿದ್ದನ್ನು ಕ(ಗ) ಅನ್ನೋಣ. ಈಗ ಗ್ರೂಪಿನಿಂದ ಜ ಎಂಬ ಒಂದು ಅಂಶ ಆರಿಸಿಕೊಳ್ಳಿ. ಪ್ರತಿ ಗ ಅಂಶಕ್ಕೂ ಒಂದು ವ್ಯತ್ಯಾಸ ಬರೆಯಿರಿ: ಕ(ಗ) ಮೇಲೆ ಮೊದಲು ಗ, ಆಮೇಲೆ ಜ ಹಾಯಿಸಿ, ಅದರಿಂದ ಮೂಲ ಕ(ಗ) ಕಳೆಯಿರಿ. ಇಂಥ ನ ವ್ಯತ್ಯಾಸಗಳನ್ನೂ ಗುಣಿಸಿ. ಉತ್ತರ ಸೊನ್ನೆ. ಯಾಕೆಂದರೆ ಗ್ರೂಪಿನಲ್ಲಿ ಜ ಅಂಶದ ವಿಲೋಮ ಇದ್ದೇ ಇದೆ. ಗ ಆ ವಿಲೋಮವೇ ಆದಾಗ ಮೊದಲು ಗ, ಆಮೇಲೆ ಜ ಹಾಯಿಸುವುದೆಂದರೆ ಏನೂ ಮಾಡದೆ ಇದ್ದ ಹಾಗೆ. ಆ ಒಂದು ವ್ಯತ್ಯಾಸ ಸೊನ್ನೆಯಾಗಿ ಇಡೀ ಗುಣಲಬ್ಧವನ್ನೂ ಸೊನ್ನೆ ಮಾಡುತ್ತದೆ.

ಇನ್ನು ಜ ಎಲ್ಲ ನ ಅಂಶಗಳ ಮೇಲೂ ಓಡಲಿ. ನ ಸೊನ್ನೆಗಳು ಸಿಕ್ಕವು. ಅವನ್ನು ಬಿಡಿಸಿ ಕೂಡಿಸಿ. ಪ್ರತಿ ವ್ಯತ್ಯಾಸದಿಂದ ಒಂದೋ ಮೊದಲ ಭಾಗ, ಇಲ್ಲ ಎರಡನೆಯ ಭಾಗ ಆರಿಸಬೇಕು. ಎಲ್ಲೆಲ್ಲೂ ಎರಡನೆಯ ಭಾಗವನ್ನೇ ಆರಿಸಿದರೆ ಅದರಲ್ಲಿ ಜ ಸುಳಿವೇ ಇಲ್ಲ. ಹಾಗಾಗಿ ಕೂಡಿಸಿದಾಗ ಅದು ನ ಸಲ ಬರುತ್ತದೆ. ಅದು ಎಲ್ಲ ಕ(ಗ)ಗಳ ಗುಣಲಬ್ಧ, ಚಿಹ್ನೆ ಧನವೋ ಋಣವೋ. ಬೇರೆ ಯಾವ ಆಯ್ಕೆಯಲ್ಲೂ ಒಂದಾದರೂ ಮೊದಲ ಭಾಗ ಇದೆ. ಆ ಮೊದಲ ಭಾಗಗಳ ಗುಣಲಬ್ಧವನ್ನು ಎಲ್ಲ ಜ ಮೇಲೂ ಕೂಡಿಸಿದರೆ ಇನ್ವೇರಿಯಂಟ್ ಆಗುತ್ತದೆ. ಹಾಗಾಗಿ ಆ ಪದ ಹ ಒಳಗಿದೆ. ಒಟ್ಟಿನಲ್ಲಿ ನ ಸಲ ಬಂದ ಗುಣಲಬ್ಧವೂ ಹ ಒಳಗೆ ಇರಲೇಬೇಕು. ನ ಇಂದ ಭಾಗಿಸಿ. ಮುಗೀತು.

ಇದಕ್ಕೆ ಬೆನ್ಸನ್ ಲೆಮ್ಮಾ ಅನ್ನುತ್ತಾರೆ. ಇದನ್ನು ಮೊದಲ ಸಲ ಹಾಳೆಯಲ್ಲಿ ಬರೆದ ದಿನ ನಾನು ಬೇರೆ ಏನೂ ಓದಲಿಲ್ಲ. ಗ್ರೂಪಿನ ಪ್ರತಿ ಅಂಶಕ್ಕೂ ವಿಲೋಮ ಇದೆ ಅನ್ನುವ ಮೊದಲ ಪುಟದ ನಿಯಮವೇ ಇಲ್ಲಿ ಎಲ್ಲ ಕೆಲಸವನ್ನೂ ಮಾಡುತ್ತದೆ. ನಿಮ್ಮ 'ಯಾಕೆ ಅಷ್ಟೇ' ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಯಾವ ಜ ಆರಿಸಿದರೂ ಅದರ ವಿಲೋಮ ನಮ್ಮ ಪಟ್ಟಿಯಲ್ಲಿ ಇರಬೇಕು, ಆಗ ಮಾತ್ರ ಸೊನ್ನೆ ಗ್ಯಾರಂಟಿ. ಅದಕ್ಕೇ ಗ್ರೂಪಿನ ಪ್ರತಿ ಅಂಶಕ್ಕೂ ಒಂದು ಬಹುಪದೋಕ್ತಿ ಹಂಚಬೇಕಾಯಿತು. ಇನ್ನೊಂದು ಮಾತು. ನಾವು ಮ ಬಗ್ಗೆ ಬಳಸಿದ್ದು ಒಂದೇ ಗುಣ: ಗ್ರೂಪ್ ಮುಟ್ಟಿದರೆ ಮ ತನ್ನೊಳಗೇ ಇರುತ್ತದೆ. ಹಾಗೆ ಇರುವ ಯಾವ ಐಡಿಯಲ್‌ಗೂ ಇದೇ ಸಾಧನೆ ನಡೆಯುತ್ತದೆ. ಅದರ ನ-ನೇ ಘಾತವು ಅದರೊಳಗಿನ ಇನ್ವೇರಿಯಂಟ್‌ಗಳು ಹುಟ್ಟಿಸುವ ಐಡಿಯಲ್‌ನ ಒಳಗೆ ಕೂರುತ್ತದೆ.

ಇದರ ಹಿಂದೆ ಒಂದು ಚರಿತ್ರೆ ಇದೆ. ಅದು ಗೊತ್ತಿದ್ದರೆ ಈ ಸಣ್ಣ ಲೆಮ್ಮಾದ ಬೆಲೆ ತಿಳಿಯುತ್ತದೆ. 1890ರಲ್ಲಿ ಹಿಲ್ಬರ್ಟ್ ಇಂಥ ಇನ್ವೇರಿಯಂಟ್‌ಗಳನ್ನೆಲ್ಲ ಕೆಲವೇ ಕೆಲವದರಿಂದ ಕಟ್ಟಬಹುದು ಅಂತ ತೋರಿಸಿದರು. ಆ 'ಕೆಲವು' ಎಷ್ಟು ಡಿಗ್ರಿಯವರೆಗೆ ಹೋಗಬೇಕು ಅಂತ ಅದರಿಂದ ತಿಳಿಯಲಿಲ್ಲ. 1916ರಲ್ಲಿ ಎಮ್ಮಿ ನೋಥರ್ ಉತ್ತರ ಕೊಟ್ಟರು: ಗ್ರೂಪಿನಲ್ಲಿ ನ ಅಂಶಗಳಿದ್ದರೆ ಡಿಗ್ರಿ ನ ದಾಟಬೇಕಾಗಿಲ್ಲ. ಅವರ ಸಾಧನೆ ಕ್ಯಾರಕ್ಟರಿಸ್ಟಿಕ್ ಸೊನ್ನೆಗೆ. ಅಂದರೆ ಸಹಗುಣಕಗಳು ಬರುವ ಫೀಲ್ಡ್‌ನಲ್ಲಿ 1ನ್ನು ಎಷ್ಟು ಸಲ ಕೂಡಿಸಿದರೂ ಸೊನ್ನೆ ಆಗಬಾರದು. ಅಲ್ಲಿ ನ ಫ್ಯಾಕ್ಟೋರಿಯಲ್‌ನಿಂದ ಭಾಗಿಸುವ ಹೆಜ್ಜೆ ಬರುತ್ತದೆ. ಫೀಲ್ಡ್‌ನಲ್ಲಿ ನ ಇಂದ ಭಾಗಿಸಬಹುದು, ಆದರೆ ನ ಫ್ಯಾಕ್ಟೋರಿಯಲ್‌ನಿಂದ ಭಾಗಿಸಲು ಆಗದು ಅಂದರೆ ಏನು ಗತಿ? ಉದಾಹರಣೆಗೆ ಗ್ರೂಪ್‌ನಲ್ಲಿ 5 ಅಂಶಗಳು, ಫೀಲ್ಡ್‌ನ ಕ್ಯಾರಕ್ಟರಿಸ್ಟಿಕ್ 3, ಅಂದರೆ ಅಲ್ಲಿ 3 ಎಂಬುದೇ ಸೊನ್ನೆ. ಈ ಸಂದಿ ಎಂಬತ್ತಕ್ಕೂ ಜಾಸ್ತಿ ವರ್ಷ ಹಾಗೇ ಉಳಿಯಿತು. 2000ದಲ್ಲಿ ಫ್ಲೈಶ್ಮನ್, 2001ರಲ್ಲಿ ಫೋಗಾರ್ಟಿ ಬೇರೆ ಬೇರೆಯಾಗಿ ಅದನ್ನು ಮುಚ್ಚಿದರು. ಫೋಗಾರ್ಟಿ ಅವರ ಸಾಧನೆಯನ್ನು ಬೆನ್ಸನ್ ಸರಳ ಮಾಡಿದಾಗ ಸಿಕ್ಕಿದ್ದೇ ಮೇಲಿನ ಲೆಮ್ಮಾ.

ಲೆಮ್ಮಾದಿಂದ ನೋಥರ್ ಮಿತಿ ಹೀಗೆ ಬರುತ್ತದೆ. ಮ ಐಡಿಯಲ್‌ನ ನ-ನೇ ಘಾತ ಹ ಒಳಗಿದೆ. ಅಂದರೆ ಡಿಗ್ರಿ ನ ಇಂದ ಮೇಲಕ್ಕೆ ಹ ಅಂದರೆ ಎಲ್ಲವೂ. ಹಾಗಾಗಿ ಅಲ್ಲಿಂದ ಮೇಲೆ ಹೊಸ ಜನರೇಟರ್ ಬೇಕಾಗುವುದಿಲ್ಲ. ಡಿಗ್ರಿ ನ ಮೀರದ ಇನ್ವೇರಿಯಂಟ್‌ಗಳೇ ಹ ಐಡಿಯಲ್ಲನ್ನು ಹುಟ್ಟಿಸುತ್ತವೆ. ಈಗ ದೊಡ್ಡ ಡಿಗ್ರಿಯ ಒಂದು ಇನ್ವೇರಿಯಂಟ್ ಬಂತು ಅನ್ನಿ. ಅದನ್ನು ಆ ಜನರೇಟರ್‌ಗಳ ಮೊತ್ತವಾಗಿ ಬರೆಯಿರಿ. ಗುಣಕಗಳು ಇನ್ವೇರಿಯಂಟ್ ಆಗಿರಬೇಕಿಲ್ಲ. ಗ್ರೂಪಿನ ಎಲ್ಲ ಅಂಶಗಳನ್ನೂ ಹಾಯಿಸಿ ಸರಾಸರಿ ತೆಗೆಯಿರಿ. ಎಡಗಡೆ ಬದಲಾಗುವುದಿಲ್ಲ, ಜನರೇಟರ್‌ಗಳೂ ಬದಲಾಗುವುದಿಲ್ಲ, ಗುಣಕಗಳು ಮಾತ್ರ ಇನ್ವೇರಿಯಂಟ್ ಆಗುತ್ತವೆ. ಅವುಗಳ ಡಿಗ್ರಿ ಕಡಿಮೆ. ಅವುಗಳ ಮೇಲೆ ಇದನ್ನೇ ಮತ್ತೆ ಮಾಡಿ.

ಇನ್ನು 'ಕಡಿಮೆ ಸಾಲದಾ' ಎಂಬ ಪ್ರಶ್ನೆ. ಎಲ್ಲ ಗ್ರೂಪ್‌ಗಳಿಗೂ ಒಂದೇ ಮಿತಿ ಬೇಕು ಅಂದರೆ ಸಾಲದು. ಒಂದೇ ಚರಾಕ್ಷರ ಯ ಇರಲಿ, ಗ್ರೂಪ್ ಅದನ್ನು 1ರ ನ-ನೇ ಮೂಲಗಳಿಂದ ಗುಣಿಸಲಿ. ಆಗ ಬದಲಾಗದವು ಯ ಚರಾಕ್ಷರದ ನ-ನೇ ಘಾತ ಮತ್ತು ಅದರ ಘಾತಗಳು ಮಾತ್ರ. ಒಂದು ಕಡಿಮೆ ಗುಣಿಸಿದರೂ ಹ ಹೊರಗೇ ನಿಲ್ಲುತ್ತೇವೆ.

ಆದರೆ ನಿಮ್ಮ ಕೈಯಲ್ಲಿರುವ ಗ್ರೂಪಿಗೆ ತುಂಬಾ ಕಡಿಮೆಯೇ ಸಾಕಾಗಬಹುದು. ಯ, ರ, ಲ ಮೂರನ್ನೂ ಬೇಕಾದ ಹಾಗೆ ಅದಲು ಬದಲು ಮಾಡುವ ಆರು ಅಂಶಗಳ ಗ್ರೂಪ್ ನೋಡೋಣ. ಲೆಮ್ಮಾ ಪ್ರಕಾರ ಮ⁶ ಸಾಕು. ನಿಜವಾಗಿ ಎಷ್ಟು ಬೇಕು? ಹ ಹುಟ್ಟಿಸುವವು ಮೂರು: ಯ + ರ + ಲ, ಯರ + ರಲ + ಲಯ, ಯರಲ. ಹ ಒಳಗಿರುವುದನ್ನೆಲ್ಲ ಸೊನ್ನೆ ಅಂದುಕೊಂಡು ಲೆಕ್ಕ ಮಾಡೋಣ. ಮೊದಲನೆಯದರಿಂದ ಲ = −ಯ − ರ. ಅದನ್ನು ಎರಡನೆಯದರಲ್ಲಿ ಹಾಕಿದರೆ ಯ² + ಯರ + ರ² = 0. ಅಂದರೆ ರ² ಕಂಡಲ್ಲೆಲ್ಲ −ಯ² − ಯರ ಬರೆಯಬಹುದು. ಯ, ರ, ಲ ಮೂರೂ ಬೇರುಗಳಾಗಿರುವ ಘನ ಸಮೀಕರಣ ಬರೆದರೆ ಅದರ ಸಹಗುಣಕಗಳೆಲ್ಲ ಈಗ ಸೊನ್ನೆ. ಹಾಗಾಗಿ ಯ³ = 0. ಇನ್ನು ಉಳಿಯುವ ಪದಗಳು 1, ಯ, ರ, ಯ², ಯರ, ಯ²ರ ಮಾತ್ರ. ಸರಿಯಾಗಿ ಆರು. ಅತಿ ದೊಡ್ಡ ಡಿಗ್ರಿ 3. ಅಂದರೆ ಮ³ ಇನ್ನೂ ಹೊರಗಿದೆ, ಮ⁴ ಒಳಗೆ ಬಂತು. ಆರು ಬೇಕಿರಲಿಲ್ಲ, ನಾಲ್ಕು ಸಾಕಿತ್ತು. ನಾಲ್ಕು ಚರಾಕ್ಷರ ಆದರೆ ಗ್ರೂಪಿನಲ್ಲಿ 24 ಅಂಶಗಳು, ಬೇಕಾಗುವುದು ಮ⁷. ಐದಾದರೆ 120 ಅಂಶಗಳು, ಬೇಕಾಗುವುದು ಮ¹¹.

ಅಂತರ ಇಷ್ಟು ದೊಡ್ಡದಾಗಲು ಕಾರಣ ಇವು ರಿಫ್ಲೆಕ್ಷನ್ ಗ್ರೂಪ್‌ಗಳು. ಕನ್ನಡಿಯಲ್ಲಿ ಮಗುಚಿದ ಹಾಗೆ ಒಂದು ಸಮತಲವನ್ನು ಹಾಗೇ ಬಿಟ್ಟು ಉಳಿದದ್ದನ್ನು ಮಗುಚುವ ಅಂಶಗಳಿಂದ ಹುಟ್ಟಿದ ಗ್ರೂಪ್‌ಗಳು. ಇವುಗಳ ಇನ್ವೇರಿಯಂಟ್‌ಗಳೇ ಒಂದು ಹೊಸ ಬಹುಪದೋಕ್ತಿ ರಿಂಗ್ ಆಗುತ್ತವೆ. ಇದನ್ನು ಶೆಪರ್ಡ್ ಮತ್ತು ಟಾಡ್ 1954ರಲ್ಲಿ, ಶೆವಾಲೆ 1955ರಲ್ಲಿ ತೋರಿಸಿದರು. ಅದರಿಂದ ಹ ಐಡಿಯಲ್‌ನ ಘಾತಗಳ ಲೆಕ್ಕವೂ ಸಲೀಸು. ಮೂರು ಚರಾಕ್ಷರದ ನಮ್ಮ ಗ್ರೂಪಿಗೆ, ಹ ಒಳಗಿನದನ್ನು ಸೊನ್ನೆ ಮಾಡಿದರೆ ಉಳಿಯುವ ಆಯಾಮ 6. ಹ² ಆದರೆ 24, ಹ³ ಆದರೆ 60. ಅಂದರೆ 6ನ್ನು 1, 4, 10ರಿಂದ ಗುಣಿಸಿದ್ದು. ಹೊಸ ರಿಂಗ್‌ನ ಮೂರು ಚರಾಕ್ಷರಗಳಲ್ಲಿ ಡಿಗ್ರಿ 1, 2, 3ಕ್ಕಿಂತ ಕಡಿಮೆ ಇರುವ ಪದಗಳು ಎಷ್ಟಿವೆಯೋ ಅಷ್ಟು.

ಈಗ ಭಾಗಾಕಾರದ ವಿಷಯಕ್ಕೆ ಬರುತ್ತೇನೆ. ತುಂಬಾ ಜನ ಇಲ್ಲಿ ಓಡಿಬಿಡುತ್ತಾರೆ. ಲೆಮ್ಮಾದ ಕೊನೆಯಲ್ಲಿ ನ ಇಂದ ಭಾಗಿಸಿದೆವು, ಅಲ್ವಾ? ಫೀಲ್ಡ್‌ನಲ್ಲಿ ನ ಎಂಬುದೇ ಸೊನ್ನೆಯಾದರೆ? ನಮ್ಮ ಮೊದಲ ಸಮೀಕರಣದ ಎಡಗಡೆ 2ಕಚ ಇತ್ತು. ಕ್ಯಾರಕ್ಟರಿಸ್ಟಿಕ್ 2 ಇರುವ ಫೀಲ್ಡ್‌ನಲ್ಲಿ ಅದು ಸೊನ್ನೆ. ಆಗ ಸಮೀಕರಣ ನಿಜವೇ, ಆದರೆ ಕಚ ಬಗ್ಗೆ ಏನೂ ಹೇಳುವುದಿಲ್ಲ.

ಸಾಧನೆ ಸೋತಿತು ಅಂದ ಮಾತ್ರಕ್ಕೆ ಫಲಿತಾಂಶವೂ ಸೋಲಬೇಕಿಲ್ಲ. ಇಲ್ಲಿ ಎರಡೂ ಸೋಲುತ್ತವೆ. ಜೋಡಿ ಜೋಡಿ ಚರಾಕ್ಷರ ತೆಗೆದುಕೊಳ್ಳಿ: ಯ₁, ರ₁, ಯ₂, ರ₂, ಯ₃, ರ₃. ಎರಡು ಅಂಶಗಳ ಗ್ರೂಪ್ ಪ್ರತಿ ಜೋಡಿಯಲ್ಲೂ ಯ, ರ ಅದಲು ಬದಲು ಮಾಡುತ್ತದೆ. ಮೊದಲು ಸಂಕೀರ್ಣ ಸಂಖ್ಯೆಗಳ ಮೇಲೆ ನೋಡಿ. ಯ₁ + ರ₁ ಇನ್ವೇರಿಯಂಟ್. ಹಾಗಾಗಿ ಹ ಒಳಗಿನದನ್ನು ಸೊನ್ನೆ ಮಾಡಿದರೆ ರ₁ = −ಯ₁. ಉಳಿದ ಜೋಡಿಗಳಲ್ಲೂ ಹಾಗೇ. ಯ₁ರ₁ ಇನ್ವೇರಿಯಂಟ್ ಆದ್ದರಿಂದ ಯ₁² = 0. ಯ₁ರ₂ + ರ₁ಯ₂ ಇನ್ವೇರಿಯಂಟ್ ಆದ್ದರಿಂದ −2ಯ₁ಯ₂ = 0, ಅಂದರೆ ಯ₁ಯ₂ = 0. ಡಿಗ್ರಿ ಎರಡರಲ್ಲಿ ಎಲ್ಲವೂ ಅಳಿಸಿಹೋಯಿತು. ಲೆಮ್ಮಾ ಹೇಳಿದ್ದೂ ಅದನ್ನೇ.

ಈಗ ಕ್ಯಾರಕ್ಟರಿಸ್ಟಿಕ್ 2 ಮಾಡಿ. ಯ₁² = 0 ಹಾಗೇ ನಿಲ್ಲುತ್ತದೆ. ಆದರೆ ಯ₁ರ₂ + ರ₁ಯ₂ ಎಂಬುದರಿಂದ ಬರುವುದು 2ಯ₁ಯ₂ = 0, ಅಂದರೆ 0 = 0. ಅದರಿಂದ ನಮಗೆ ಏನೂ ಸಿಗಲಿಲ್ಲ. ಬೇರೆ ಇನ್ವೇರಿಯಂಟ್‌ಗಳೂ ಇದೇ ಥರ ಕೈ ಕೊಡುತ್ತವೆ. ಉದಾಹರಣೆಗೆ ಯ₁ಯ₂ಯ₃ + ರ₁ರ₂ರ₃ ತೆಗೆದುಕೊಂಡರೆ ಅದೂ 2ಯ₁ಯ₂ಯ₃ ಆಗಿ ಸೊನ್ನೆ. ಕೊನೆಗೆ ಹ ಹುಟ್ಟಿಸುವವು ಯ + ರ ಮೊತ್ತಗಳು ಮತ್ತು ಯ ವರ್ಗಗಳು, ಅಷ್ಟೇ. ಯ₁ಯ₂ಯ₃ ಹ ಒಳಗೆ ಬರಲೇ ಇಲ್ಲ. ಮೂರು ಜೋಡಿ ಇದ್ದರೆ ಮ³ ಹೊರಗೆ ನಿಲ್ಲುತ್ತದೆ. ಹತ್ತು ಜೋಡಿ ಇದ್ದರೆ ಮ¹⁰ ಹೊರಗೆ. ಗ್ರೂಪಿನಲ್ಲಿ ಇರುವುದು ಎರಡೇ ಅಂಶ! ಜೋಡಿಗಳನ್ನು ಹೆಚ್ಚಿಸುತ್ತಾ ಹೋದರೆ ಮಿತಿಯೇ ಇಲ್ಲ. ನೋಥರ್ ಮಿತಿ ಕೂಡ ಇಲ್ಲಿ ಮುರಿಯುತ್ತದೆ. ಯ₁ಯ₂ಯ₃ + ರ₁ರ₂ರ₃ ಎಂಬುದನ್ನು ಚಿಕ್ಕ ಡಿಗ್ರಿಯ ಇನ್ವೇರಿಯಂಟ್‌ಗಳಿಂದ ಕಟ್ಟಲು ಆಗುವುದಿಲ್ಲ.

ಒಂದು ವಿಷಯ ಮಾತ್ರ ಉಳಿದುಕೊಂಡಿತು, ಗಮನಿಸಿದಿರಾ? ಮ ಘಾತಗಳು ಹೊರಗೆ ಉಳಿದರೂ ಹ ಐಡಿಯಲ್‌ನ ಜನರೇಟರ್‌ಗಳ ಡಿಗ್ರಿ 1 ಮತ್ತು 2 ಮಾತ್ರ. ಎರಡು ದಾಟಲಿಲ್ಲ. ಹಿಲ್ಬರ್ಟ್ ಐಡಿಯಲ್ ಯಾವಾಗಲೂ ಡಿಗ್ರಿ ನ ಒಳಗೇ ಹುಟ್ಟುತ್ತದೆ, ಭಾಗಿಸಲು ಆಗದ ಫೀಲ್ಡ್‌ನಲ್ಲೂ ಸಹ, ಅಂತ ಡರ್ಕ್ಸನ್ ಮತ್ತು ಕೆಂಪರ್ 2002ರಲ್ಲಿ ಊಹೆಯಾಗಿ ಮುಂದಿಟ್ಟರು. ಚರಾಕ್ಷರಗಳನ್ನು ಸುಮ್ನೆ ಅದಲು ಬದಲು ಮಾಡುವ ಗ್ರೂಪ್‌ಗಳಿಗೆ ಅದು ಸಾಬೀತಾಗಿದೆ. ನನಗೆ ಇದು ಈ ಕ್ಷೇತ್ರದ ಅತಿ ಚೆಂದದ ಪ್ರಶ್ನೆಗಳಲ್ಲೊಂದು. ಮುಂದೆ ಸಂಶೋಧನೆ ಮಾಡುವ ಮನಸ್ಸಿದ್ದರೆ ಇಲ್ಲಿಂದ ಶುರು ಮಾಡಿ.

ಈಗ ಎರಡನೆಯ ಪ್ರಶ್ನೆ. ಹಿಲ್ಬರ್ಟ್ ಐಡಿಯಲ್‌ಗೆ ಸಿಂಬಾಲಿಕ್ ಘಾತ ಕೇಳಿದರೆ ಹೊಸದೇನೂ ಸಿಗುವುದಿಲ್ಲ. ಹ ಐಡಿಯಲ್‌ನ ಬಹುಪದೋಕ್ತಿಗಳೆಲ್ಲ ಒಟ್ಟಿಗೆ ಸೊನ್ನೆಯಾಗುವುದು ಮೂಲಬಿಂದುವಿನಲ್ಲಿ ಮಾತ್ರ. ಅಂಥ ಕಡೆ ಎರಡೂ ಘಾತ ಒಂದೇ. ವ್ಯತ್ಯಾಸ ಕಾಣಬೇಕಾದರೆ ಬಿಂದುಗಳ ಗುಂಪಿನ ಐಡಿಯಲ್ ಬೇಕು. ಪ್ರೊಜೆಕ್ಟಿವ್ ಸಮತಲದಲ್ಲಿ, ಅಂದರೆ (ಯ, ರ, ಲ) ಮೂರನ್ನೂ ಸೊನ್ನೆಯಲ್ಲದ ಒಂದೇ ಸಂಖ್ಯೆಯಿಂದ ಗುಣಿಸಿದರೂ ಅದೇ ಬಿಂದು ಅನ್ನುವ ಸಮತಲದಲ್ಲಿ, ಕೆಲವು ಬಿಂದುಗಳಿವೆ ಅನ್ನಿ. ಅವುಗಳಲ್ಲಿ ಸೊನ್ನೆಯಾಗುವ ಬಹುಪದೋಕ್ತಿಗಳ ಐಡಿಯಲ್ ಐ. ಅಂಥ ಎರಡನ್ನು ಗುಣಿಸಿ, ಕೂಡಿಸಿ ಬಂದದ್ದೆಲ್ಲ ಐ². ಇದು ಸಾಮಾನ್ಯ ಘಾತ. ಮೂರನೆಯ ಸಿಂಬಾಲಿಕ್ ಘಾತ ಅಂದರೆ ಪ್ರತಿ ಬಿಂದುವಿನಲ್ಲೂ ಮೂರು ಪಟ್ಟು ಸೊನ್ನೆಯಾಗುವ ಬಹುಪದೋಕ್ತಿಗಳು. ಮೊದಲನೆಯದು ಬೀಜಗಣಿತದಿಂದ ಬಂದದ್ದು, ಎರಡನೆಯದು ರೇಖಾಗಣಿತದಿಂದ.

ಎರಡಕ್ಕೂ ಸಂಬಂಧ ಏನು? ಐನ್, ಲಾಜರ್ಸ್‌ಫೆಲ್ಡ್, ಸ್ಮಿತ್ 2001ರಲ್ಲಿ, ಹಾಕ್‌ಸ್ಟರ್ ಮತ್ತು ಹ್ಯೂನಕಿ 2002ರಲ್ಲಿ ಕೊಟ್ಟ ಪ್ರಮೇಯದ ಪ್ರಕಾರ ಸಮತಲದ ಬಿಂದುಗಳಿಗೆ ನಾಲ್ಕನೆಯ ಸಿಂಬಾಲಿಕ್ ಘಾತ ಯಾವಾಗಲೂ ಐ² ಒಳಗಿರುತ್ತದೆ. ನಾಲ್ಕು ಬೇಕೇ ಬೇಕಾ, ಮೂರು ಸಾಲದಾ ಅಂತ ಹ್ಯೂನಕಿ ಕೇಳಿದರು. ನೋಡಿ, ನಿಮ್ಮ ಪ್ರಶ್ನೆಯದೇ ರೂಪ. ಪ್ರಯತ್ನಿಸಿದ ಉದಾಹರಣೆಗಳಲ್ಲೆಲ್ಲ ಮೂರು ಸಾಕಾಗುತ್ತಿತ್ತು. 2013ರಲ್ಲಿ ಪೋಲೆಂಡಿನ ಮೂವರು, ಡುಮ್ನಿಟ್ಸ್ಕಿ, ಶೆಂಬೆರ್ಗ್, ಟುಟಾಯ್-ಗಾಶಿನ್ಸ್ಕಾ, ಸಾಲದು ಅಂತ ತೋರಿಸಿದರು. ಅವರ ಉದಾಹರಣೆ ಬಂದದ್ದು ಒಂದು ಗ್ರೂಪಿನ ಕನ್ನಡಿಗಳಿಂದ.

ಅದನ್ನು ಪೂರ್ತಿ ಮಾಡೋಣ. ವ ಎಂಬುದು 1 ಅಲ್ಲದ, 1ರ ಘನಮೂಲ. ಯ ಮತ್ತು ರ ಅದಲು ಬದಲು ಮಾಡುತ್ತಾ ಒಂದನ್ನು ವ ಇಂದ, ಇನ್ನೊಂದನ್ನು ಅದರ ವಿಲೋಮದಿಂದ ಗುಣಿಸುವುದು ಒಂದು ರಿಫ್ಲೆಕ್ಷನ್. ಬೇರೆ ಜೋಡಿಗಳಲ್ಲೂ ಹಾಗೇ. ಇಂಥವು ಹುಟ್ಟಿಸುವ ಗ್ರೂಪಿನಲ್ಲಿ 54 ಅಂಶಗಳಿವೆ, 9 ಕನ್ನಡಿಗಳಿವೆ. ಕನ್ನಡಿ ಅಂದರೆ ರಿಫ್ಲೆಕ್ಷನ್ ಹಾಗೇ ಬಿಡುವ ಸಮತಲ; ಪ್ರೊಜೆಕ್ಟಿವ್ ಸಮತಲದಲ್ಲಿ ಅದು ಒಂದು ಗೆರೆ. ಒಂಬತ್ತು ಕನ್ನಡಿಗಳನ್ನೂ ಒಟ್ಟಿಗೆ ಬರೆದರೆ ಈ ಗುಣಲಬ್ಧ:

ಪ = (ಯ³ − ರ³)(ರ³ − ಲ³)(ಲ³ − ಯ³)

ಪ್ರತಿ ಆವರಣವೂ ಮೂರು ಗೆರೆ. ಈ ಗೆರೆಗಳು 12 ಬಿಂದುಗಳಲ್ಲಿ ಸೇರುತ್ತವೆ. ಮೂರು ಬಿಂದುಗಳು (1, 0, 0), (0, 1, 0), (0, 0, 1). ಉಳಿದ ಒಂಬತ್ತು, ಮೊದಲ ಜಾಗದಲ್ಲಿ 1, ಉಳಿದೆರಡರಲ್ಲಿ 1ರ ಯಾವುದಾದರೂ ಘನಮೂಲ ಇರುವಂಥವು. ಪ್ರತಿ ಬಿಂದುವಿನಲ್ಲೂ ಸರಿಯಾಗಿ ಮೂರು ಗೆರೆ ಹಾಯುತ್ತವೆ. ಲೆಕ್ಕ ತಾಳೆ ಮಾಡಿ: 9 ಗೆರೆಗಳಿಂದ 36 ಜೋಡಿ, ಪ್ರತಿ ಬಿಂದುವಿನಲ್ಲಿ 3 ಜೋಡಿ, 12 ಬಿಂದುಗಳಿಗೆ 36. ಸರಿಯಾಯಿತು. ಎರಡೇ ಗೆರೆ ಸೇರುವ ಬಿಂದು ಒಂದೂ ಇಲ್ಲ. ಹಾಗಾಗಿ ಪ ಎಲ್ಲ ಬಿಂದುವಿನಲ್ಲೂ ಮೂರು ಪಟ್ಟು ಸೊನ್ನೆ. ಅದು ಮೂರನೆಯ ಸಿಂಬಾಲಿಕ್ ಘಾತದಲ್ಲಿದೆ. ಇದರ ಚಿತ್ರ ಹಾಳೆಯ ಮೇಲೆ ಬರೆಯಲು ಹೋಗಬೇಡಿ. ವಾಸ್ತವ ಸಮತಲದಲ್ಲಿ ಕೆಲವು ಗೆರೆಗಳನ್ನು ಎಳೆದರೆ, ಎಲ್ಲವೂ ಒಂದೇ ಬಿಂದುವಿನಲ್ಲಿ ಸೇರದಿದ್ದಾಗ, ಎರಡೇ ಗೆರೆ ಸೇರುವ ಬಿಂದು ಒಂದಾದರೂ ಇರಲೇಬೇಕು. ಅದು ಸಿಲ್ವೆಸ್ಟರ್–ಗಲ್ಲಾಯ್ ಪ್ರಮೇಯ. ಸಂಕೀರ್ಣ ಸಂಖ್ಯೆಗಳು ಇರುವುದರಿಂದಲೇ ಈ ಒಂಬತ್ತು ಗೆರೆಗಳು ಸಾಧ್ಯ.

ಈ 12 ಬಿಂದುಗಳ ಐಡಿಯಲ್ ಹುಟ್ಟಿಸುವವು ಮೂರು:

ಕ = ಯ(ರ³ − ಲ³), ಚ = ರ(ಲ³ − ಯ³), ಟ = ಲ(ಯ³ − ರ³)

ಇನ್ನು ಪ ಎಂಬುದು ಐ² ಒಳಗಿಲ್ಲ ಅಂತ ತೋರಿಸಬೇಕು. ಇದೆ ಅಂದುಕೊಳ್ಳೋಣ. ಪ ಡಿಗ್ರಿ 9. ಐ² ಹುಟ್ಟಿಸುವ ಕ², ಚ², ಟ², ಕಚ, ಚಟ, ಟಕ ಎಲ್ಲದರ ಡಿಗ್ರಿ 8. ಹಾಗಾದರೆ ಪ ಎಂಬುದು ಈ ಆರನ್ನು ಒಂದನೆಯ ಡಿಗ್ರಿಯ ಗುಣಕಗಳಿಂದ ಗುಣಿಸಿ ಕೂಡಿಸಿದ್ದು.

ಇಲ್ಲಿ ಗ್ರೂಪ್ ಕೈ ಹಿಡಿಯುತ್ತದೆ. ಯ, ರ, ಲ ಒಂದೊಂದನ್ನೂ ಬೇರೆ ಬೇರೆಯಾಗಿ 1ರ ಘನಮೂಲಗಳಿಂದ ಗುಣಿಸುವ 27 ಅಂಶಗಳ ಗ್ರೂಪ್ ತೆಗೆದುಕೊಂಡು ಎರಡೂ ಕಡೆ ಸರಾಸರಿ ತೆಗೆಯಿರಿ. ಸರಾಸರಿ ತೆಗೆದರೆ, ಘಾತಾಂಕಗಳೆಲ್ಲ 3ರ ಅಪವರ್ತ್ಯಗಳಾದ ಪದಗಳು ಮಾತ್ರ ಉಳಿಯುತ್ತವೆ, ಮಿಕ್ಕವು ಸೊನ್ನೆ. ಪ ಎಂಬುದರಲ್ಲಿ ಎಲ್ಲವೂ ಘನಗಳೇ, ಅದು ಹಾಗೇ ಉಳಿಯುತ್ತದೆ. ಕಚ ಎಂಬುದು ಯರ ಗುಣಿಸು ಘನಗಳು. ಅದಕ್ಕೆ ಯ, ರ, ಲ ಯಾವುದನ್ನು ಗುಣಿಸಿದರೂ ಯ²ರ, ಯರ², ಯರಲ ಬರುತ್ತದೆಯೇ ಹೊರತು ಘನ ಆಗುವುದಿಲ್ಲ. ಹೋಯಿತು. ಚಟ, ಟಕ ಕೂಡ ಹೋದವು. ಕ² ಎಂಬುದು ಯ² ಗುಣಿಸು ಘನಗಳು. ಅದಕ್ಕೆ ಯ ಗುಣಿಸಿದಾಗ ಮಾತ್ರ ಉಳಿಯುತ್ತದೆ. ಹಾಗಾಗಿ

ಪ = ಸ₁ಯಕ² + ಸ₂ರಚ² + ಸ₃ಲಟ²

ಇಲ್ಲಿ ಸ₁, ಸ₂, ಸ₃ ಬರೀ ಸಂಖ್ಯೆಗಳು. ಹದಿನೆಂಟು ಗೊತ್ತಿಲ್ಲದ ಸಂಖ್ಯೆಗಳು ಇದ್ದ ಕಡೆ ಮೂರು ಉಳಿದವು. ಯ³, ರ³, ಲ³ಗಳಿಗೆ ಅ, ಇ, ಉ ಅಂತ ಹೆಸರಿಟ್ಟರೆ ಎಲ್ಲ ಹಗುರ:

(ಅ − ಇ)(ಇ − ಉ)(ಉ − ಅ) = ಸ₁ಅ(ಇ − ಉ)² + ಸ₂ಇ(ಉ − ಅ)² + ಸ₃ಉ(ಅ − ಇ)²

ಅ = 0 ಹಾಕಿ. ಎಡಗಡೆ ಇಉ(ಉ − ಇ). ಬಲಗಡೆ ಇಉ(ಸ₂ಉ + ಸ₃ಇ). ಹಾಗಾಗಿ ಸ₂ = 1, ಸ₃ = −1. ಈಗ ಇ = 0 ಹಾಕಿ. ಎಡಗಡೆ ಅಉ(ಅ − ಉ). ಬಲಗಡೆ ಅಉ(ಸ₁ಉ + ಸ₃ಅ). ಹಾಗಾಗಿ ಸ₁ = −1, ಸ₃ = 1. ಒಂದೇ ಸ₃ ಒಮ್ಮೆ −1, ಒಮ್ಮೆ 1. ಆಗದ ಮಾತು. ಪ ಎಂಬುದು ಐ² ಹೊರಗಿದೆ.

ನಿಮ್ಮ 'ಗ್ರೂಪಿಗೆ ಏನು ಕೆಲಸ' ಎಂಬುದಕ್ಕೆ ನನ್ನ ಉತ್ತರ ಇದೇ. ಬಿಂದುಗಳನ್ನು ಹುಡುಕಿ ಕೊಟ್ಟದ್ದು ಗ್ರೂಪ್. ಪ ಎಂಬುದನ್ನು ಕಟ್ಟಿಕೊಟ್ಟದ್ದು ಅದರ ಕನ್ನಡಿಗಳು. ಕೊನೆಗೆ ಪ ಹೊರಗಿದೆ ಅಂತ ತೋರಿಸಿದ್ದೂ ಸರಾಸರಿಯೇ, ನೋಥರ್ ಮಿತಿಗೆ ಬಳಸಿದ ಅದೇ ಉಪಾಯ. ಬೇರೆ ಗ್ರೂಪ್‌ಗಳೂ ಇದೇ ಥರ ಉದಾಹರಣೆ ಕೊಡುತ್ತವೆ. ಕ್ಲೈನ್ ಅವರ 168 ಅಂಶಗಳ ಗ್ರೂಪಿನಿಂದ 21 ಗೆರೆ ಬರುತ್ತವೆ. ನಾಲ್ಕು ಗೆರೆ ಸೇರುವ ಬಿಂದು 21, ಮೂರು ಗೆರೆ ಸೇರುವ ಬಿಂದು 28. ವೀಮನ್ ಅವರ 360 ಅಂಶಗಳ ಗ್ರೂಪಿನಿಂದ 45 ಗೆರೆ, 201 ಬಿಂದು. ಎರಡರಲ್ಲೂ ಜೋಡಿ ಮಾತ್ರ ಸೇರುವ ಬಿಂದು ಇಲ್ಲ. ಎರಡರಲ್ಲೂ ಗೆರೆಗಳ ಗುಣಲಬ್ಧ ಐ² ಹೊರಗೇ ನಿಲ್ಲುತ್ತದೆ. ಅಲ್ಲಿ ಸಾಧನೆ ನಮ್ಮಷ್ಟು ಪುಟ್ಟದಲ್ಲ. ಕಂಪ್ಯೂಟರಿನ ಸಹಾಯ ಒಳ್ಳೆಯದು.

ನೀವೇ ಮಾಡಿ ನೋಡಲು ಒಂದು ಕೆಲಸ ಕೊಡುತ್ತೇನೆ. ಮೇಲಿನ ಲೆಕ್ಕದಲ್ಲಿ ಘನದ ಬದಲು ನಾಲ್ಕನೇ ಘಾತ ಹಾಕಿ, ಐದನೇ ಘಾತ ಹಾಕಿ. ಸಾಧನೆಯ ದಾರಿ ಬದಲಾಗುವುದಿಲ್ಲ. ಗುಣಕದಲ್ಲಿ ಯ ಇದ್ದ ಕಡೆ ಯ², ಯ³ ಬರುತ್ತದೆ. ಅ, ಇ, ಉ ಸಮೀಕರಣ ಹಾಗೇ ಇರುತ್ತದೆ. ಆಮೇಲೆ ವರ್ಗ ಹಾಕಿ. ಅಂದರೆ ಯ² − ರ², ರ² − ಲ², ಲ² − ಯ². ಆಗಲೂ ಪ ಐ² ಒಳಗೆ ಬರುವುದಿಲ್ಲ, ಸಾಧನೆ ಅಲ್ಲೂ ನಡೆಯುತ್ತದೆ. ಆದರೂ ಅದು ಹ್ಯೂನಕಿ ಪ್ರಶ್ನೆಗೆ ಉದಾಹರಣೆ ಆಗುವುದಿಲ್ಲ. ಈ ಸಲ ಗೆರೆಗಳು ಆರು, ಬಿಂದುಗಳು ಏಳು, ಎಲ್ಲವೂ ವಾಸ್ತವ. ಹಾಳೆಯ ಮೇಲೆ ಬರೆಯಬಹುದು. ಬರೆದು ನೋಡಿ. ನಾಲ್ಕು ಬಿಂದುಗಳಲ್ಲಿ ಮೂರು ಗೆರೆ ಸೇರುತ್ತವೆ. (1, 0, 0), (0, 1, 0), (0, 0, 1) ಮೂರರಲ್ಲಿ ಮಾತ್ರ ಎರಡೆರಡೇ ಗೆರೆ ಸಿಗುತ್ತವೆ. ಪ ಅಲ್ಲಿ ಎರಡೇ ಪಟ್ಟು ಸೊನ್ನೆ, ಮೂರನೆಯ ಸಿಂಬಾಲಿಕ್ ಘಾತದೊಳಗೆ ಅದು ಬರುವುದೇ ಇಲ್ಲ.